ಅಪ್ಪನ ಮುಂಗಡ ಸಾಕ್ಷಿ

ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರ ಹಾಡು ಮುಗಿದು ಪಾಸ್ಟರರ ಪ್ರಸಂಗ ಶುರುವಾಗುವ ಮೊದಲು ಸಾಕ್ಷಿ ಹೇಳುವ ಹೊತ್ತು ಅಂತ ಒಂದಿದೆ. ದೇವರು ತನಗೆ ಏನು ಮಾಡಿದ ಎನ್ನುವುದನ್ನು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ಕೈ ಎತ್ತಿದವರ ಕಡೆಗೆ ಪಾಸ್ಟರರು ಮೈಕು ಕಳಿಸುತ್ತಾರೆ. ಒಬ್ಬರಿಗೆ ನೌಕರಿ ಸಿಕ್ಕಿರುತ್ತದೆ, ಒಬ್ಬರ ಮಗಳಿಗೆ ಹೆರಿಗೆ ಸುಸೂತ್ರವಾಗಿರುತ್ತದೆ, ಇನ್ನೊಬ್ಬರ ಕಳೆದುಹೋದ ಎಮ್ಮೆ ತಾನಾಗಿ ಮನೆಗೆ ಬಂದಿರುತ್ತದೆ. ಕೋರ್ಟಿನಲ್ಲಾದರೆ ಸಾಕ್ಷಿ ಹೇಳಿದವರಿಗೆ ಪಾಟೀಸವಾಲು ಇರುತ್ತದೆ. ಇಲ್ಲಿ ಅದೆಲ್ಲ ಇಲ್ಲ. ಎಲ್ಲರೂ ಸ್ತೋತ್ರ ಅನ್ನುತ್ತಾರೆ, ಮುಂದಿನವರು ಏಳುತ್ತಾರೆ. ನಾನು ಇದನ್ನೇ ಕೇಳಿಕೊಂಡು ಬೆಳೆದವಳು. ಎಮ್ಮೆಯ ಸಾಕ್ಷಿಗಳು ನನಗೆ ಈಗಲೂ ಇಷ್ಟ.

ಇನ್ನೊಂದು ಬಗೆಯ ಸಾಕ್ಷಿ ಇದೆ. ಅದಕ್ಕೆ ಮುಂಗಡ ಸಾಕ್ಷಿ ಅಂತ ಹೆಸರಿಟ್ಟವಳು ನಾನೇ, ಸಭೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಬೇಡಿಕೊಂಡದ್ದು ಇನ್ನೂ ಸಿಕ್ಕಿರುವುದಿಲ್ಲ, ಆದರೆ ಸಿಕ್ಕಿತು ಅಂತ ಎದ್ದು ಹೇಳಬೇಕು. ನಂಬಿದವರು ಹಾಗೆ ಹೇಳುತ್ತಾರೆ, ಹೇಳಿದ ಮೇಲೆ ಅದು ಆಗಿಯೇ ತೀರುತ್ತದೆ ಎಂದು ನಮ್ಮಲ್ಲಿ ಕಲಿಸುತ್ತಾರೆ. ಆಮೇಲೆ ಹಿಂದೆ ಸರಿಯುವಂತಿಲ್ಲ. ಇನ್ನೂ ನೋವಿದೆ ಅಂತ ಬಾಯಿ ಬಿಟ್ಟರೆ, ಬಂದ ಆಶೀರ್ವಾದವನ್ನು ಕೈಯಾರೆ ಹೊರಗೆ ಹಾಕಿದಂತೆ. ಈ ಕಟ್ಟಳೆ ನಮ್ಮಪ್ಪನ ಕಾಲು ತಿಂದಿತು.

ಅಪ್ಪ ತಿಕೋಟಾದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕನಾಗಿದ್ದ. ನಮ್ಮ ಕಡೆಯ ರೈತರು ಒಣದ್ರಾಕ್ಷಿಯನ್ನು ಬಾಕ್ಸುಗಳಲ್ಲಿ ತುಂಬಿ ತಂದು, ದರ ಏರುವವರೆಗೆ ಅಲ್ಲಿಡುತ್ತಾರೆ. ಒಳಗೆ ಮೈ ಮರಗಟ್ಟುವ ಚಳಿ. ಹೊರಗೆ ಬಿಸಿಲು ನೆತ್ತಿ ಸುಡುತ್ತಿದ್ದರೂ ಅಪ್ಪ ಕಾಲುಚೀಲದ ಮೇಲೆ ಕಾಲುಚೀಲ ಹಾಕಿ, ದಪ್ಪ ಬೂಟು ಮೆಟ್ಟಿಕೊಂಡು ವಿಜಯಪುರದಿಂದ ಬಸ್ಸು ಹತ್ತುತ್ತಿದ್ದ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಮದುವೆಯಾಗಲಿಲ್ಲ, ಬಬಲೇಶ್ವರದ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ಬೆಳಿಗ್ಗೆ ಅವನದೊಂದು ಬಸ್ಸು, ನನ್ನದೊಂದು ಬಸ್ಸು. ಸಂಜೆ ಮೊದಲು ಬಂದವರು ಚಹಾಕ್ಕೆ ಇಡಬೇಕು.

ತಿಂಗಳಿಗೊಮ್ಮೆ ಸಭೆಯಲ್ಲಿ ಪ್ರಭು ಭೋಜನ ಇರುತ್ತದೆ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತೇವೆ. ಅದಕ್ಕೆ ಬೇಕಾದ ದ್ರಾಕ್ಷಾರಸ ನಮ್ಮ ಮನೆಯಿಂದ ಹೋಗುತ್ತಿತ್ತು. ಅಪ್ಪ ತಿಕೋಟಾದಿಂದ ಒಣದ್ರಾಕ್ಷಿ ತರುತ್ತಿದ್ದ. ನಾನು ಶನಿವಾರ ನೆನೆಹಾಕಿ, ಕುದಿಸಿ, ಬಿಳಿಯ ಬಟ್ಟೆಯಲ್ಲಿ ಸೋಸಿ ಇಡುತ್ತಿದ್ದೆ. ಅವ್ವನ ಕೆಲಸ ಅದು, ಅವಳಿಂದ ನನಗೆ ಬಂದಿತ್ತು. ಗಾಂಧಿ ಚೌಕದ ದೊಡ್ಡ ಅಂಗಡಿಯವರಂತೆ ಸಭೆಗೆ ಕುರ್ಚಿ, ಫ್ಯಾನು ಕೊಡಿಸುವ ಶಕ್ತಿ ನಮಗಿರಲಿಲ್ಲ. ಸಭೆಯಲ್ಲಿ ನಮಗಿದ್ದ ಮರ್ಯಾದೆ ಆ ದ್ರಾಕ್ಷಾರಸದ ಪಾತ್ರೆಯಷ್ಟೇ. ಅಪ್ಪನಿಗೆ ಅದು ಸಾಕಾಗಿತ್ತು.

ಅಪ್ಪನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶ ಕಡಿಮೆಯಾಗಿತ್ತು. ಒಂದು ದಿನ ಮುರಿದ ಹಲಗೆಯ ಮೊಳೆ ಬೂಟಿನ ತಳ ತೂರಿ ಅಂಗಾಲಿಗೆ ನೆಟ್ಟಿದೆ, ಸಂಜೆ ಮನೆಗೆ ಬಂದು ಬೂಟು ಕಳಚುವವರೆಗೆ ಅವನಿಗೆ ಗೊತ್ತೇ ಆಗಿಲ್ಲ. ಕಾಲುಚೀಲ ರಕ್ತದಲ್ಲಿ ತೊಯ್ದು, ಒಣಗಿ, ಚರ್ಮಕ್ಕೆ ಅಂಟಿಕೊಂಡಿತ್ತು. ನಾನು ನೀರು ಹಾಕಿ ನೆನೆಸಿ ಬಿಡಿಸಿದೆ. ಮರುದಿನದಿಂದ ದವಾಖಾನೆಗೆ ಓಡಾಟ. ಡ್ರೆಸ್ಸಿಂಗ್, ಇಂಜೆಕ್ಷನ್, ಗುಳಿಗೆ. ಗಾಯ ಮಾತ್ರ ಒಂದು ದಿನ ಒಣಗಿದಂತೆ ಕಾಣುವುದು, ಇನ್ನೊಂದು ದಿನ ಹಸಿಯಾಗುವುದು.

ಅದೇ ಹೊತ್ತಿಗೆ ಸಭೆಯಲ್ಲಿ ಉಪವಾಸ ಪ್ರಾರ್ಥನೆ ಬಂತು. ಪಾಸ್ಟರರು ಎಲ್ಲರೆದುರು ನೆಲದ ಮೇಲೆ ಕುಳಿತು ಅಪ್ಪನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ಅವತ್ತು ಅವರ ಕಣ್ಣಲ್ಲಿ ಬಂದ ನೀರು ನಾಟಕದ್ದೂ ಅಲ್ಲ. ಎಂಥ ರೋಗವಾದರೂ ಪ್ರಾರ್ಥನೆಯಿಂದಲೇ ಹೋಗುತ್ತದೆ ಎನ್ನುವ ಅವರು ದಪ್ಪ ಗಾಜಿನ ಕನ್ನಡಕ ಇಲ್ಲದೆ ಬೈಬಲ್ ಓದಲಾರರು. ಈ ಮಾತು ನನ್ನ ನಾಲಿಗೆಯ ತುದಿಗೆ ಎಷ್ಟೋ ಸಲ ಬಂದು ವಾಪಸು ಹೋಗಿದೆ. ಅಪ್ಪನಿಗೆ ಹೇಳಿದ್ದರೆ ನೊಂದುಕೊಳ್ಳುತ್ತಿದ್ದ.

ಆಮೇಲೆ ಕೆಲವೇ ದಿನಗಳಲ್ಲಿ ಗಾಯದ ಮೇಲೆ ಹಕ್ಕಳೆ ಕಟ್ಟಿತು. ಮುಂದಿನ ಭಾನುವಾರ ಅಪ್ಪ ಕೈ ಎತ್ತಿದ. ಜೀವಮಾನದಲ್ಲಿ ಮೈಕು ಮುಟ್ಟದ ಮನುಷ್ಯ ಎದ್ದು ನಿಂತು, ಕರ್ತನು ನನ್ನ ಕಾಲನ್ನು ಪೂರಾ ವಾಸಿ ಮಾಡಿದ್ದಾನೆ ಎಂದ. ಆ ಸಾಕ್ಷಿಯಲ್ಲಿ ಮೊಳೆ ಇತ್ತು, ರಕ್ತ ಇತ್ತು, ಎಣ್ಣೆ ಇತ್ತು. ಡ್ರೆಸ್ಸಿಂಗಿಗೂ ಇಂಜೆಕ್ಷನ್ನಿಗೂ ಅದರಲ್ಲಿ ಜಾಗ ಇರಲಿಲ್ಲ. ಹಕ್ಕಳೆಯ ಕೆಳಗೆ ಇನ್ನೂ ಮೆತ್ತಗಿದೆ ಎನ್ನುವುದಕ್ಕಂತೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಕೆಲವರು ಅತ್ತರು. ಅಪ್ಪನ ಮುಖದಲ್ಲಿ ಅಂಥ ಬೆಳಕನ್ನು ಅವ್ವ ಹೋದ ಮೇಲೆ ನಾನು ನೋಡಿರಲಿಲ್ಲ. ನನಗೂ ಖುಷಿಯಾಯಿತು, ಇಲ್ಲ ಅಂತ ಯಾಕೆ ಹೇಳಲಿ.

ಅಲ್ಲಿಂದ ಅಪ್ಪನ ಕಾಲಿಗೆ ಬೇಡಿಕೆ ಶುರುವಾಯಿತು. ತೊರವಿಯಲ್ಲಿ ಒಂದು ಮನೆ ಪ್ರಾರ್ಥನೆ, ತಿಕೋಟಾದಲ್ಲಿ ಇನ್ನೊಂದು. ಪಾಸ್ಟರರು ಮಾತು ಮುಗಿಸಿ ಅಪ್ಪನ ಕಡೆ ನೋಡಿದರೆ, ಅಪ್ಪ ಕಾಲುಚೀಲ ತೆಗೆದು ಪಾದವನ್ನು ಸ್ಟೂಲಿನ ಮೇಲೆ ಇಡುತ್ತಿದ್ದ. ಜನ ಬಗ್ಗಿ ನೋಡುತ್ತಿದ್ದರು. ಡ್ರೆಸ್ಸಿಂಗಿಗೆ ಹೋಗುವುದನ್ನು ಅಪ್ಪ ಮೊದಲೇ ನಿಲ್ಲಿಸಿದ್ದ, ಈಗ ಸಕ್ಕರೆಯ ಗುಳಿಗೆಯನ್ನೂ ಬಿಟ್ಟಿದ್ದ. ನಾನು ತಟ್ಟೆಯ ಪಕ್ಕ ಇಟ್ಟ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಕಿಸೆಗೆ ಹಾಕಿಕೊಳ್ಳುತ್ತಿದ್ದ ಎನ್ನುವುದು ನನಗೆ ಆಮೇಲೆ ಗೊತ್ತಾದದ್ದು.

ನಿಡೋಣಿಗೆ ಹೋದಾಗ ನಾನೂ ಜೊತೆಗಿದ್ದೆ, ನನ್ನ ಶಾಲೆಗೆ ಹತ್ತಿರದ ಊರು ಅಂತ. ದ್ರಾಕ್ಷಿ ಬೆಳೆಯುವ ದೊಡ್ಡ ಮನೆತನ. ಅವರ ಮಗ ಒಣದ್ರಾಕ್ಷಿ ಇಡಲು ಕೋಲ್ಡ್ ಸ್ಟೋರೇಜಿಗೆ ಬರುತ್ತಿದ್ದವನು, ಅಪ್ಪನ ಕಾಲಿನ ಸುದ್ದಿಯನ್ನು ಮನೆಗೆ ಒಯ್ದಿದ್ದ. ಅವರು ಕ್ರಿಸ್ತನವರಲ್ಲ, ಆಗಬೇಕೆಂದೂ ಇರಲಿಲ್ಲ. ದೇವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಮಗನ ತಾಯಿಗೆ, ಅವರನ್ನು ಎಲ್ಲರೂ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ, ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಲ್ಲಿ ಹುಣ್ಣಾಗಿ ಮಾಯುತ್ತಿರಲಿಲ್ಲ. ದರ್ಗಾಕ್ಕೆ ಹೋಗಿ ಬಂದಿದ್ದರು, ಮಠಕ್ಕೆ ಹೋಗಿ ಬಂದಿದ್ದರು, ಈಗ ನಮ್ಮ ಸರದಿ. ನಮ್ಮ ಕಡೆ ಕಾಯಿಲೆಯ ಮುಂದೆ ಎಲ್ಲ ಬಾಗಿಲೂ ಒಂದೇ.

ಅಲ್ಲೂ ಅಪ್ಪ ಪಾದವನ್ನು ಸ್ಟೂಲಿನ ಮೇಲಿಟ್ಟ. ಬೇರೆಯವರು ನೋಡಿ ಬಿಟ್ಟರು, ಆಯಿ ಮುಟ್ಟಿದರು. ಹೊಲದ ಕೆಲಸದಿಂದ ಗಟ್ಟಿಯಾದ ಬೆರಳುಗಳಿಂದ ಅಪ್ಪನ ಅಂಗಾಲನ್ನು ಒತ್ತಿ ಒತ್ತಿ ನೋಡಿದರು, ಹತ್ತಿಯ ಗುಣ ನೋಡುವವರ ಹಾಗೆ. ಅಪ್ಪನಿಗೆ ನೋಯಲಿಲ್ಲ. ನೋಯುವಂಥದ್ದು ಆ ಪಾದದಲ್ಲಿ ಏನೂ ಉಳಿದಿರಲಿಲ್ಲ.

"ನನಗೂ ಹಿಂಗ ಮಾಯತೈತೇನ್ರಿ ಅಣ್ಣಾರ?" ಎಂದು ಕೇಳಿದರು.

"ನಂಬ್ರಿ ಅಕ್ಕಾರ. ನಂಬಿದ್ರ ಮಾಯತೈತಿ" ಅಂದ ಅಪ್ಪ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಬೆಳಿಗ್ಗೆ ನಾನು ಇರುವೆ ನೋಡಿದೆ. ಕೆಂಪು ಇರುವೆಗಳು ಸಾಲುಗಟ್ಟಿ ಅಪ್ಪನ ಕಾಲುಚೀಲದ ಒಳಗೆ ಹೋಗುತ್ತಿದ್ದವು. ಚೀಲವನ್ನು ಮಗುಚಿದೆ. ತಳದಲ್ಲಿ ಹಳದಿ ಕಲೆ, ಅದರ ವಾಸನೆ ನನ್ನ ಮೂಗಿಗೆ ಹೊಡೆದದ್ದು ಇನ್ನೂ ಹೋಗಿಲ್ಲ. ಒಳಗೆ ಹೋದೆ. ಅಪ್ಪ ಇನ್ನೊಂದು ಜೊತೆ ಕಾಲುಚೀಲ ಹಾಕಿಕೊಳ್ಳುತ್ತ ಕುಳಿತಿದ್ದ. ಮನೆಯಲ್ಲೂ ಅವನು ಕಾಲುಚೀಲ ಬಿಚ್ಚದೇ ಎಷ್ಟೋ ದಿನವಾಗಿತ್ತು, ಕೋಲ್ಡ್ ಸ್ಟೋರೇಜಿನ ಚಳಿ ಎಲುಬಿಗೆ ಇಳಿದಿದೆ ಅನ್ನುತ್ತಿದ್ದ. ನಾನು ಅವನ ಕಾಲನ್ನು ಎಳೆದುಕೊಂಡು ಬಿಚ್ಚಿದೆ. ಹಕ್ಕಳೆ ಒಡೆದಿತ್ತು. ಒಳಗೆ ಬೆರಳು ಹೋಗುವಷ್ಟು ತೂತು. ಸಣ್ಣ ಬೆರಳು ಕಪ್ಪಾಗಿತ್ತು.

ನಾನು ಕೂಗಾಡಿದೆ. ನಡಿ ದವಾಖಾನೆಗೆ, ಈಗಲೇ, ಅಂದೆ. ಅಪ್ಪ ಕಾಲನ್ನು ಹಿಂದಕ್ಕೆಳೆದುಕೊಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ನೆಲ ನೋಡಿದ.

"ನಾ ಸಾಕ್ಷಿ ಹೇಳೀನಿ ಬೇ" ಅಂದ. "ಈಗ ಗಾಯ ಐತಿ ಅಂದ್ರ ದೇವರು ಸುಳ್ಳಗಾರ ಆಕ್ಕಾನ."

ದೇವರು ಸುಳ್ಳುಗಾರ ಆಗುವುದಿಲ್ಲ, ನೀನು ಆಗುತ್ತೀ, ಅಷ್ಟೇ, ಅದಕ್ಕೇನು ಅಂತ ನಾನು ಹೇಳಿದೆ. ಅವನು ಕೇಳಲಿಲ್ಲ. ಭಾನುವಾರದವರೆಗೆ ತಡಿ, ಪಾಸ್ಟರರ ಹತ್ತಿರ ಗುಟ್ಟಾಗಿ ಇನ್ನೊಮ್ಮೆ ಪ್ರಾರ್ಥನೆ ಮಾಡಿಸಿಕೊಳ್ಳುತ್ತೇನೆ ಎಂದು ಗೋಗರೆದ. ನಾನು ಕಾಯಲಿಲ್ಲ. ಬೀದಿಗೆ ಹೋಗಿ ಆಟೋ ಕರೆದುಕೊಂಡು ಬಂದೆ. ಅವನು ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡ. ಆಟೋದವನು ನೋಡುತ್ತ ನಿಂತ. ಕಡೆಗೆ ಆಟೋ ಖಾಲಿ ಹೋಯಿತು. ಅಪ್ಪನನ್ನು ಒಯ್ಯಲು ಆದದ್ದು ಜ್ವರ ಏರಿ ಅವನಿಗೆ ಎಚ್ಚರ ತಪ್ಪಿದ ಮೇಲೆ. ಆಗ ಅವನು ಏನನ್ನೂ ಹಿಡಿದುಕೊಳ್ಳಲಿಲ್ಲ.

ಮೊಣಕಾಲಿನ ಕೆಳಗೆ ಕತ್ತರಿಸಿದರು. ಜೀವ ಬೇಕಾದರೆ ಇದೊಂದೇ ದಾರಿ ಅಂತ ಡಾಕ್ಟರು ಹೇಳಿದಾಗ ನಾನು ಒಪ್ಪಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಪ್ರಾರ್ಥನೆ ಮಾಡಲು ನೋಡಿದೆ, ಆಗಲಿಲ್ಲ. ದೇವರ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಆ ಮೈಕಿನ ಮೇಲೆ, ಆ ಚಪ್ಪಾಳೆಯ ಮೇಲೆ, ಹೆದರಿದ ಒಬ್ಬ ಮನುಷ್ಯ ತನ್ನ ನೋವನ್ನು ದೇವರಿಂದಲೇ ಬಚ್ಚಿಡುವಂತೆ ಮಾಡಿದ ಆ ಕಲಿಕೆಯ ಮೇಲೆ. ಹೇಳಿಕೊಳ್ಳಲು ಬೇರೆ ಯಾರಿದ್ದರು ಅವನಿಗೆ?

ಪಾಸ್ಟರರು ಆಸ್ಪತ್ರೆಗೆ ಬಂದರು. ಹಾಸಿಗೆಯಲ್ಲಿ ಕಾಲು ಇರಬೇಕಾದ ಖಾಲಿ ಜಾಗವನ್ನು ನೋಡಿ, ಅಪ್ಪನ ಕೈ ಹಿಡಿದು ಅತ್ತರು. ಹೊರಡುವಾಗ ನನ್ನನ್ನು ಬಾಗಿಲ ಹತ್ತಿರ ಕರೆದು, ಸಭೆಯಲ್ಲಿ ಹೊಸಬರು ಇದ್ದಾರೆ, ಅವರ ನಂಬಿಕೆ ಅಲುಗಾಡಬಾರದು, ಈಗ ಯಾರಿಗೂ ಏನೂ ವಿವರಿಸುವುದು ಬೇಡ ಎಂದರು. ಜನ ಕೇಳಿದರೆ ಏನು ಹೇಳಲಿ ಎಂದೆ. ಅಪಘಾತ ಆಯಿತು ಎನ್ನಿ ಎಂದರು. ಒಂದು ಸುಳ್ಳಿಗೆ ಕಾಲು ಹೋಗಿತ್ತು, ಇನ್ನೊಂದು ಸುಳ್ಳಿಗೆ ಕೊಡಲು ನಮ್ಮ ಹತ್ತಿರ ಏನಿತ್ತು? ಅಪ್ಪ ಮಲಗಿದಲ್ಲಿಂದಲೇ ಅದನ್ನು ಕೇಳಿಸಿಕೊಂಡಿದ್ದ.

ಊರುಗೋಲು ಹಿಡಿದು ನಡೆಯುವಷ್ಟಾದ ಮೇಲೆ ಅಪ್ಪ ಹೇಳಿದ ಮೊದಲ ಮಾತು, ಭಾನುವಾರ ನನ್ನನ್ನು ಸಭೆಗೆ ಕರೆದುಕೊಂಡು ಹೋಗು ಅಂತ. ಹಿಂದೆ ಕೂರಲಿಲ್ಲ, ಮುಂದಿನ ಸಾಲಿನಲ್ಲೇ ಕುಳಿತ. ಸಾಕ್ಷಿಯ ಹೊತ್ತಿಗೆ ಕೈ ಎತ್ತಿದ. ಮೈಕು ಅವನ ಮುಂದಿನಿಂದ ಹಾದು ಇನ್ನೊಬ್ಬರ ಕೈಗೆ ಹೋಯಿತು. ಮುಂದಿನ ವಾರವೂ ಎತ್ತಿದ. ಪಾಸ್ಟರರು ಹಾಡು ಶುರುಮಾಡಿದರು. ಆಮೇಲಿನ ವಾರ ಕೈಯನ್ನು ಇಳಿಸಲೇ ಇಲ್ಲ, ಹಾಡಿನ ಉದ್ದಕ್ಕೂ ಹಾಗೇ ಹಿಡಿದುಕೊಂಡಿದ್ದ. ಹಾಡುವಾಗ ಕೈ ಎತ್ತುವುದು ನಮ್ಮಲ್ಲಿ ರೂಢಿ, ಹೀಗಾಗಿ ಹೊಸಬರಿಗೆ ಅವನು ಆರಾಧನೆಯಲ್ಲಿ ಮೈಮರೆತಂತೆ ಕಂಡಿರಬೇಕು. ಪ್ರಭು ಭೋಜನದ ದ್ರಾಕ್ಷಾರಸವನ್ನು ಇನ್ನು ಮುಂದೆ ಬೇರೆಯವರು ಮಾಡುತ್ತಾರೆ, ನಿಮಗೆ ತೊಂದರೆ ಬೇಡ ಎಂದು ಹೇಳಿ ಕಳಿಸಿದರು. ಅವತ್ತು ಶನಿವಾರ, ನಾನು ಒಣದ್ರಾಕ್ಷಿ ನೆನೆಹಾಕಿ ಆಗಿತ್ತು. ಅದನ್ನು ಪಾಯಸಕ್ಕೆ ಹಾಕಿದೆ. ಅಪ್ಪ ಪಾಯಸ ತಿನ್ನುವಂತಿರಲಿಲ್ಲ, ನಾನೂ ತಿನ್ನಲಿಲ್ಲ, ಪಕ್ಕದ ಮನೆಗೆ ಕೊಟ್ಟುಬಿಟ್ಟೆ.

ಎದ್ದು ನಿಂತು ಕೂಗಿ ಹೇಳಬಾರದೇ, ಮೈಕು ಯಾಕೆ ಬೇಕು ಎಂದು ನಾನು ರೇಗಿದ್ದೂ ಉಂಟು. ಅಪ್ಪ ಹಾಗೆ ಮಾಡುವವನಲ್ಲ. ಸಭೆಯ ಶಿಸ್ತು ಅವನಿಗೆ ಮೈಗೂಡಿತ್ತು. ಕೊಟ್ಟರೆ ಹೇಳುವವನು, ಕೊಡದಿದ್ದರೆ ಕಾಯುವವನು.

ಒಂದು ದಿನ ಮಧ್ಯಾಹ್ನ ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ನಿಡೋಣಿಯ ಆಯಿಯ ಸೊಸೆ ಸಿಕ್ಕಳು. ಸಂತೆಗೆ ಬಂದಿದ್ದಳು. ನನ್ನ ಕೈ ಹಿಡಿದು, ನಿಮ್ಮಪ್ಪನವರು ಇನ್ನೊಮ್ಮೆ ಮನೆಗೆ ಬರಬೇಕಂತೆ, ಅತ್ತೆ ದಿನಾ ಕೇಳುತ್ತಾರೆ ಎಂದಳು. ಆಯಿಯ ಹುಣ್ಣು ಹೇಗಿದೆ ಅಂದೆ. ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. ಬೆರಳು ಕಪ್ಪಾಗಿದೆ, ವಾಸನೆ ಬರುತ್ತಿದೆ. ಗುಳಿಗೆ ಬಿಟ್ಟಿದ್ದಾರೆ. ಮಗ ಜಗಳ ಮಾಡಿ ಸೋತಿದ್ದಾನೆ. ಯಾರು ಏನು ಹೇಳಿದರೂ ಅವರದು ಒಂದೇ ಮಾತು: ಆ ಅಣ್ಣನ ಕಾಲು ನಾನು ಕೈಯಾರೆ ಮುಟ್ಟಿ ನೋಡಿದ್ದೇನೆ. ಹಂಗಾಮು ಮುಗಿದು ಮಗ ಕೋಲ್ಡ್ ಸ್ಟೋರೇಜಿನ ಕಡೆ ಹೋಗಿರಲಿಲ್ಲ, ಅಪ್ಪನ ಕಾಲು ಹೋದದ್ದು ಅವರಿಗೆ ಗೊತ್ತೇ ಇರಲಿಲ್ಲ. ಯಾರು ಹೇಳಬೇಕಿತ್ತು?

ಮನೆಗೆ ಬಂದು ಹೇಳಿದೆ. ಅಪ್ಪ ಊಟಕ್ಕೆ ಕುಳಿತಿದ್ದವನು ತಟ್ಟೆಯನ್ನು ಸರಿಸಿದ. ಒಂದು ಟಂಟಂ ಗಾಡಿ ಗೊತ್ತುಮಾಡು ಅಂದ. ನಾಳೆ ಹೋಗೋಣ ಎನ್ನಲಿಲ್ಲ, ಪಾಸ್ಟರರನ್ನು ಕೇಳೋಣ ಎನ್ನಲಿಲ್ಲ.

ನಿಡೋಣಿಯ ಆ ಮನೆಯ ಪಡಸಾಲೆಯಲ್ಲಿ ಆಯಿ ಮಂಚದ ಮೇಲಿದ್ದರು. ಕಾಲಿಗೆ ಬಟ್ಟೆ ಸುತ್ತಿತ್ತು. ಮೂಲೆಯಲ್ಲಿ ಊದುಬತ್ತಿ ಹಚ್ಚಿದ್ದರು, ಆದರೂ ಆ ವಾಸನೆ ನನಗೆ ಬಾಗಿಲಲ್ಲೇ ಗುರುತು ಸಿಕ್ಕಿತು. ಅಪ್ಪ ಊರುಗೋಲು ಊರಿಕೊಂಡು ಒಳಗೆ ಬಂದದ್ದನ್ನು ಅವರು ನೋಡಿದರು, ಏನೆಂದು ಹೊಳೆಯಲಿಲ್ಲ. ಅಪ್ಪ ಎದುರಿಗೆ ಕುಳಿತು ಧೋತರವನ್ನು ಮೊಣಕಾಲಿನವರೆಗೆ ಸರಿಸಿದ. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಎಲ್ಲವನ್ನೂ ಹೇಳಿದ. ಹಕ್ಕಳೆಯ ಕೆಳಗೆ ಗಾಯ ಇದ್ದದ್ದು, ಅದು ಗೊತ್ತಿದ್ದೂ ಸಾಕ್ಷಿ ಹೇಳಿದ್ದು, ಗುಳಿಗೆ ಬಿಟ್ಟದ್ದು, ಇದೇ ಮನೆಯಲ್ಲಿ ಸ್ಟೂಲಿನ ಮೇಲೆ ಕಾಲಿಟ್ಟಾಗ ಒಳಗೆ ಕೊಳೆಯುತ್ತಿದ್ದದ್ದು.

ಆಯಿ ಬಹಳ ಹೊತ್ತು ಆ ಮೊಂಡು ಕಾಲನ್ನೇ ನೋಡಿದರು.

"ಆವತ್ತ ಕಾಲ ತೋರಸಿದ್ರಿ, ನಂಬಿದೆ" ಅಂದರು. "ಇವತ್ತ ಇಲ್ಲದ ಕಾಲ ತೋರಸಾಕತ್ತೀರಿ. ಯಾವದನ್ನ ನಂಬಲಿ?"

ನಿಮ್ಮ ನಂಬಿಕೆ ಸಣ್ಣದಿತ್ತು, ಅದಕ್ಕೇ ಹೋಯಿತು, ನನ್ನದು ಹಾಗಲ್ಲ ಎಂದು ಆಯಿ ಹಟ ಹಿಡಿದರು. ಮಗ ಕೈಮುಗಿದ, ಬಯ್ದ, ಹೊರಗೆ ಹೋಗಿ ನಿಂತ. ದವಾಖಾನೆಗೆ ಬರುವುದಿಲ್ಲ, ಬಂದವರು ಪ್ರಾರ್ಥನೆ ಮಾಡಿ ಹೋಗಲಿ ಎಂದು ಆಯಿ ಕಣ್ಣು ಮುಚ್ಚಿ ಕೈ ಜೋಡಿಸಿಯೇಬಿಟ್ಟರು. ಅಪ್ಪ ನನ್ನ ಮುಖ ನೋಡಿದ. ಆಮೇಲೆ ಅವನೂ ಕಣ್ಣು ಮುಚ್ಚಿದ.

"ಕರ್ತನೇ, ನಾ ನಿನ್ನ ಹೆಸರಿಲೇ ಸುಳ್ಳ ಹೇಳೀನಿ" ಎಂದು ಶುರುಮಾಡಿದ. "ಗಾಯ ಮಾಯ್ದಿರಲಿಲ್ಲ. ಡಾಕ್ಟರ್ ಕೈಲೆ ಅರ್ಧಮರ್ಧ ಮಾಯ್ದಿತ್ತು, ಅದನ್ನ ಮುಚ್ಚಿಟ್ಟೆ. ಈ ತಾಯಿ ನನ್ನ ಕಾಲ ಮುಟ್ಟಿ ಗುಳಿಗಿ ಬಿಟ್ಟಾಳ. ನನ್ನ ಕಾಲ ಹ್ವಾದದ್ದು ಹೋತು. ಆಕೀನ್ನ ಎಬ್ಬಸು. ಇವತ್ತ ದವಾಖಾನಿಗೆ ಕರಕೊಂಡ ಹೋಗು. ಗಾಡಿ ಹೊರಗ ನಿಂತೈತಿ."

ಆಮೆನ್ ಎಂದ. ನಾನೂ ಆಮೆನ್ ಎಂದೆ. ವಾರಗಟ್ಟಲೆ ಕೈ ಎತ್ತಿ ಹಿಡಿದು ಹೇಳಲಾಗದ ಸಾಕ್ಷಿಯನ್ನು ಅವನು ಕ್ರಿಸ್ತನವರಲ್ಲದವರ ಪಡಸಾಲೆಯಲ್ಲಿ ಹೇಳಿ ಮುಗಿಸಿದ್ದ. ಆಯಿ ಕಣ್ಣು ತೆರೆದು ಸೂರು ನೋಡುತ್ತ ಕುಳಿತರು. ಆಮೆನ್ ಬರಲಿಲ್ಲ.

"ಗಾಡಿ ಹತ್ತತೀನಿ" ಅಂದರು ಕಡೆಗೆ. "ಆಮೆನ್ ಅನ್ನಾಂಗಿಲ್ಲ."

ಟಂಟಂನಲ್ಲಿ ಅವತ್ತೇ ವಿಜಯಪುರದ ದವಾಖಾನೆ ಮುಟ್ಟಿದೆವು. ಆಯಿಯ ಪಾದ ಉಳಿಯಲಿಲ್ಲ. ಬೆರಳಿನಲ್ಲಿ ನಿಂತಿದ್ದರೆ ಬೆರಳಷ್ಟೇ ಹೋಗುತ್ತಿತ್ತು, ವಿಷ ಮೇಲಕ್ಕೆ ಏರಿತ್ತು. ಅಪ್ಪನದು ಎಲ್ಲಿಯವರೆಗೆ ಹೋಗಿತ್ತೋ ಅಲ್ಲಿಯವರೆಗೇ ಅವರದೂ ಹೋಯಿತು. ಆ ಅಣ್ಣನ ಮುಖ ತೋರಿಸಬೇಡಿ ಎಂದು ಅವರು ಹೇಳಿದ್ದಾರೆ ಎಂದು ಸೊಸೆ ಬಂದು ತಿಳಿಸಿದಳು. ಅಪ್ಪ ಸರಿ ಎಂದ. ಆದರೆ ದಿನಾ ಮಧ್ಯಾಹ್ನ ಆಟೋದಲ್ಲಿ ಹೋಗಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಭಾನುವಾರವೂ ಅಲ್ಲಿಗೇ ಹೋದ. ಏನು ಮಾಡುತ್ತೀ ಅಲ್ಲಿ ಎಂದು ಕೇಳಿದರೆ, ಏನಿಲ್ಲ ಅನ್ನುತ್ತಿದ್ದ. ನನಗೆ ಅವನನ್ನು ನೋಡಿ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಸತ್ಯ ಹೇಳಿದ ಮೇಲೆ ಮನಸ್ಸು ಹಗುರಾಗುತ್ತದೆ ಎಂದು ಪ್ರಸಂಗಗಳಲ್ಲಿ ಕೇಳಿದ್ದೆ. ಅಪ್ಪನಿಗೆ ಏನೂ ಹಗುರಾಗಲಿಲ್ಲ.

ನಾನು ಜೊತೆಗಿದ್ದ ಒಂದು ಮಧ್ಯಾಹ್ನ ಸೊಸೆ ಬಾಗಿಲಿಗೆ ಬಂದಳು. ಅತ್ತೆ ಒಳಗೆ ಕರೆಯುತ್ತಿದ್ದಾರೆ, ಆದರೆ ಪ್ರಾರ್ಥನೆ ಮಾಡಬಾರದಂತೆ ಎಂದಳು. ಅಪ್ಪ ಊರುಗೋಲು ಎತ್ತಿಕೊಂಡ. ಆಯಿ ಸೊರಗಿ ಹೋಗಿದ್ದರು. ಅಪ್ಪ ಮಂಚದ ಪಕ್ಕದಲ್ಲಿ ನಿಂತ. ಬಯ್ಯುತ್ತಾರೆ, ಬಯ್ಯಲಿ, ಕೇಳಿಸಿಕೊಳ್ಳೋಣ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

"ಇಲ್ಲದ ಕಾಲಿನ ಬೆರಳ ನೋಯಾಕತ್ತಾವು" ಎಂದರು ಆಯಿ, ಯಾರಿಗೂ ಕೇಳಬಾರದೆಂಬಂತೆ. "ಮಂದಿಗೆ ಹೇಳಿದ್ರ ಹುಚ್ಚಿ ಅಂತಾರ. ನಿಮಗೂ ಹಿಂಗ ಆಗತೈತೇನ್ರಿ? ಖರೇ ಹೇಳ್ರಿ."

"ಆಗತೈತ್ರಿ ಅಕ್ಕಾರ."

"ಯಾವಾಗ ನಿಂದರತೈತಿ?"

ಅಪ್ಪ ಹಾಸಿಗೆಯ ಮೇಲಿನ ಆ ಖಾಲಿ ಜಾಗವನ್ನು ನೋಡಿದ. ನಂಬಿ ಎನ್ನಲಿಲ್ಲ, ದೇವರಿದ್ದಾನೆ ಎನ್ನಲಿಲ್ಲ.

"ಗೊತ್ತಿಲ್ರಿ" ಅಂದ. "ನನಗಿನ್ನೂ ನಿಂತಿಲ್ಲ."

ಆಯಿ ಸೊಸೆಗೆ, ಅಣ್ಣನವರಿಗೆ ಒಂದು ಕುರ್ಚಿ ತಂದು ಹಾಕು ಎಂದರು.